ಹಿತ್ತಲಿಗೆ ಬಂದ ಚಕ್ಕೋತ ಸೊಪ್ಪು

ನಮ್ಮ ಜಿಲ್ಲೆಯಲ್ಲಿ ಚಕ್ಕೋತ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ದೇವನಹಳ್ಳಿ. ಮಗುವಿನ ತಲೆಯಷ್ಟು ದಪ್ಪ, ಸುಲಿದರೆ ಕೆಂಪು ತೊಳೆ, ಹುಳಿ-ಸಿಹಿ ರುಚಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರೋ ಹಣ್ಣು ಅದು. ಅದರ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರೋ ಚಕ್ಕೋತಕ್ಕೆ ಯಾವ ಮಾನ್ಯತೆಯೂ ಇಲ್ಲ. ಇದು ಸೊಪ್ಪು. ಸರಿಯಾಗಿ ಹೇಳಬೇಕಂದ್ರೆ ಕಳೆ.

ಇನ್ನು ಕೆಲವರು ಚಕ್ಕೋತ ಸೊಪ್ಪು ಅಂದ್ರೆ "ಓ, ಚಕ್ರಮುನಿನಾ?" ಅಂತಾರೆ. ಅದೂ ಅಲ್ಲ. ಚಕ್ರಮುನಿ ಕಡ್ಡಿ ನೆಟ್ಟರೆ ವರ್ಷಗಟ್ಟಲೆ ಇರೋ ಪೊದೆ, ವಿಟಮಿನ್ ಸೊಪ್ಪು ಅಂತ ನರ್ಸರಿಯವರು ಮಾರ್ತಾರಲ್ಲ, ಅದು. ನಮ್ಮ ಚಕ್ಕೋತ ಹಾಗಲ್ಲ. ಮಳೆ ಮುಗಿದು ಮಂಜು ಬೀಳೋಕೆ ಶುರುವಾದಾಗ ನೆಲದಿಂದ ತಾನಾಗೇ ಎದ್ದು, ಬಿಸಿಲು ಏರುವ ಹೊತ್ತಿಗೆ ಬೀಜ ಉದುರಿಸಿ ಹೊರಟುಹೋಗುತ್ತೆ. ಎಲೆ ತಿರುಗಿಸಿ ನೋಡಿದ್ರೆ ಹಿಂಬದಿ ಬೂದಿ ಬಣ್ಣ. ತುದಿಯ ಚಿಗುರಿನ ಮೇಲಂತೂ ಯಾರೋ ಅಕ್ಕಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಪುಡಿ. ಅದು ಪುಡಿ ಅಲ್ಲ, ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಯಂಥ ರೋಮಗಳು. ತೊಳೆಯೋಕೆ ಹೋದ್ರೆ ನೀರು ಎಲೆಗೆ ಅಂಟದೆ ಮುತ್ತಾಗಿ ಜಾರುತ್ತೆ. ಎಲೆಯ ಆಕಾರ ಹೆಬ್ಬಾತಿನ ಕಾಲಿನ ಹಾಗೆ ಕಾಣುತ್ತೆ ಅಂತ ಸಸ್ಯಶಾಸ್ತ್ರದಲ್ಲಿ ಆ ಅರ್ಥ ಬರೋ ಗ್ರೀಕ್ ಹೆಸರೇ ಇದೆ: ಚೀನೋಪೋಡಿಯಂ. ಬಿಳಿ ಅನ್ನೋ ಅರ್ಥದ ಆಲ್ಬಂ ಸೇರಿಸಿ ಲಿನೇಯಸ್ ಇದಕ್ಕೆ 1753ರಲ್ಲಿ ಹೆಸರಿಟ್ಟ.

ಅವನು ಹೆಸರಿಡೋಕೆ ಮುಂಚೆಯೇ ನಮ್ಮವರು ಇಟ್ಟಾಗಿತ್ತು ಬಿಡಿ. ಮರಾಠಿಯಲ್ಲಿ ಚಾಕವತ. ತಮಿಳಿನಲ್ಲಿ ಚಕ್ರವರ್ತಿ ಕೀರೈ. ಸಂಸ್ಕೃತದಲ್ಲಿ ವಾಸ್ತುಕ, ಅದರಿಂದಲೇ ಹಿಂದಿಯ ಬಥುವಾ. ತಿಪ್ಪೆ ಪಕ್ಕ ಹುಟ್ಟೋ ಗಿಡಕ್ಕೆ ಚಕ್ರವರ್ತಿ ಅಂತ ಹೆಸರು! ಯಾರಿಗೆ ಹೊಳೆಯಿತೋ ಗೊತ್ತಿಲ್ಲ, ಆದರೆ ಈ ಸೊಪ್ಪಿಗೆ ಸರಿಯಾದ ಬಿರುದು ಅನ್ಸುತ್ತೆ. ಯಾರ ಅಪ್ಪಣೆಯೂ ಇಲ್ಲದೆ ಎಲ್ಲರ ಹೊಲದಲ್ಲೂ ಇರೋದು ಚಕ್ರವರ್ತಿಗಳಿಗೆ ಮಾತ್ರ ಸಾಧ್ಯ ಅಲ್ವಾ? :-)

ನಾನು ಹುಟ್ಟಿ ಬೆಳೆದದ್ದು ಮಲೆನಾಡಲ್ಲಿ, ತೀರ್ಥಹಳ್ಳಿ ಕಡೆ. ನಮ್ಮಲ್ಲಿ ತಾನಾಗೇ ಹುಟ್ಟೋ ಸೊಪ್ಪು ಅಂದ್ರೆ ಮಳೆಯ ಜೊತೆ ಬರೋದು. ಮೊದಲ ಮಳೆ ಬಿದ್ದ ಮೇಲೆ ಚಗಟೆ ಸೊಪ್ಪು, ಆಮೇಲೆ ಕೆಸು, ತೋಟದ ತೇವದಲ್ಲಿ ಒಂದೆಲಗ. ಪಲ್ಯ, ಪತ್ರೊಡೆ, ತಂಬುಳಿ. ಚಳಿಗಾಲದಲ್ಲಿ ನಾವು ಸೊಪ್ಪು ಹುಡುಕಿಕೊಂಡು ಹೋಗಿದ್ದು ನನಗೆ ನೆನಪಿಲ್ಲ. ಮದುವೆಯಾಗಿ, ಇವರ ಕೆಲಸ ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಅಂತ ದಾಬಸ್‌ಪೇಟೆಗೆ ಬಂದ ಮೇಲೇ ಗೊತ್ತಾಗಿದ್ದು, ಬಯಲುಸೀಮೆಯ ಸೊಪ್ಪಿನ ಪಂಚಾಂಗವೇ ಬೇರೆ ಅಂತ.

ದಾಬಸ್‌ಪೇಟೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರಿನಿಂದ ತುಮಕೂರಿಗೆ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಸಿಗೋ ಊರು. ಎಡಗಡೆ ಶಿವಗಂಗೆ ಬೆಟ್ಟ ಕಾಣುತ್ತೆ. 19ನೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಡಾಬ್ಸ್ ಅನ್ನೋ ಬ್ರಿಟಿಷರವನ ಹೆಸರು ನಮ್ಮ ಬಾಯಲ್ಲಿ ಮೆದುವಾಗಿ ದಾಬಸ್ ಆಗಿ, ಪೇಟೆ ಸೇರಿಕೊಂಡಿದೆ. ಸುತ್ತ ರಾಗಿ ಹೊಲ, ಅವರೆ, ಹುರುಳಿ, ಅಲ್ಲಲ್ಲಿ ಅಡಿಕೆ ತೆಂಗು. ಈಗ ಹೊಲಗಳಿಗಿಂತ ಕಾಂಪೌಂಡುಗಳೇ ಜಾಸ್ತಿ ಕಣ್ಣಿಗೆ ಬೀಳ್ತವೆ. ಆ ಮಾತಿಗೆ ಆಮೇಲೆ ಬರ್ತೀನಿ.

ನನಗೆ ಚಕ್ಕೋತ ಸೊಪ್ಪಿನ ಪರಿಚಯ ಮಾಡಿಸಿದ್ದು ನಮ್ಮ ಬೀದಿಯ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು. ಬೀದಿಯವರೆಲ್ಲ ಅಜ್ಜಿ ಅಂತಲೇ ಕರೀತಾರೆ, ನಾನೂ ಹಾಗೇ ಕರೀತೀನಿ. ಮೊದಮೊದಲು ಅವರು ಮಾತಾಡಿದ್ದು ಅರ್ಧ ನನಗೆ ತಿಳೀತಿರಲಿಲ್ಲ. ನನ್ನ ಮಾತು ಅವರಿಗೆ "ರೇಡಿಯೋದೋರು ಮಾತಾಡ್ದಂಗೆ" ಕೇಳ್ತಿತ್ತಂತೆ. ಸೊಪ್ಪು ಬಿಡಿಸ್ತಾ ಬಿಡಿಸ್ತಾ ಇಬ್ಬರ ಭಾಷೆಯೂ ಹದಕ್ಕೆ ಬಂತು.

ಅಜ್ಜಿ ಬೆರಕೆ ಸೊಪ್ಪಿನ ಪಟ್ಟಿ ಹೇಳೋಕೆ ಶುರು ಮಾಡಿದ್ರೆ ಉಸಿರು ಬಿಡದೆ ಹೇಳ್ತಾರೆ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ಗಣಿಕೆ, ಕಿರಕಸಾಲೆ, ತುಂಬೆಯ ಕುಡಿ, ಕುಂಬಳದ ಕುಡಿ, ಚಕ್ಕೋತ... ಇಷ್ಟರಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿದ್ರೆ ಬೆರಕೆ. ಒಂದು ಸೊಪ್ಪಿನ ಕಹಿಯನ್ನ ಇನ್ನೊಂದರ ಹುಳಿ ತೆಗೆಯುತ್ತೆ, ಒಂದರ ಲೋಳೆಯನ್ನ ಇನ್ನೊಂದರ ಒರಟು ಸರಿಮಾಡುತ್ತೆ. ಮಳೆಗಾಲದಲ್ಲಿ ಅಣ್ಣೆ, ಕಿರಕಸಾಲೆ ಜಾಸ್ತಿ. ಚಳಿ ಬಂದ ಮೇಲೆ ಚಕ್ಕೋತ ಮುಂದೆ. ರಾಗಿ ಕೊಯ್ಲಿನ ಹೊತ್ತಿಗೆ ಇದು ಹದವಾಗಿರುತ್ತೆ, ಆಮೇಲೆ ಅವರೆಕಾಯಿ ಬರುತ್ತೆ. ಚಕ್ಕೋತ ಸೊಪ್ಪು, ಎಳೆ ಅವರೆಕಾಳು, ಬಿಸಿ ಮುದ್ದೆ. ಅಜ್ಜಿ ಇದನ್ನ ಹೇಳುವಾಗ ಮುಖ ನೋಡ್ಬೇಕು ನೀವು.

ಆದರೆ ನನಗೆ ರುಚಿಗಿಂತ ಹೆಚ್ಚು ಹಿಡಿಸಿದ್ದು ಸೊಪ್ಪು ಕೀಳೋದಕ್ಕೆ ಅವರಿಗಿದ್ದ ನಿಯಮಗಳು. ಒಂದು ಸಲ ಕೇಳಿದೆ, "ಅಜ್ಜಿ, ಬೇರೆಯವರ ಹೊಲಕ್ಕೆ ಹೋಗಿ ಕಿತ್ಕೊಂಡು ಬರ್ತಿದ್ರಲ್ಲ, ಯಾರೂ ಏನೂ ಅಂತಿರಲಿಲ್ವಾ?"

"ಯಾಕಂತಾರೆ? ಸೊಪ್ಪೇನು ಅವ್ರು ಬಿತ್ತಿದ್ರಾ?" ಅಂದ್ರು ಅಜ್ಜಿ. "ಬೆಳೆ ತುಳೀಬಾರ್ದು. ರಾಗಿ ತೆನೆ ಮುಟ್ಬಾರ್ದು. ಬೀಜದ ಗಿಡ ಒಂದೆಲ್ಡು ಬದುವಿನ್ ಮೇಲೆ ಬುಟ್ಟು ಬರ್ಬೇಕು. ಅಷ್ಟೇ ಕಣವ್ವಾ. ಹೊಲ ಇದ್ದೋರ್ಗೆ ರಾಗಿ, ಇಲ್ದೋರ್ಗೆ ಸೊಪ್ಪು."

ಅಜ್ಜಿಯ ಮನೆಯವರಿಗೆ ಹೊಲ ಅಂತ ಇದ್ದದ್ದು ಹೇಳಿಕೊಳ್ಳೋವಷ್ಟಲ್ಲ. ಕಳೆ ಕೀಳೋ ಕೂಲಿಗೆ ಹೋಗ್ತಿದ್ರು. ಬೆಳಗ್ಗೆಯಿಂದ ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದು ಕಳೆ ತೆಗೆಯೋದು, ಅದರಲ್ಲಿ ತಿನ್ನೋವಂಥದ್ದನ್ನ ಬೇರೆ ಇಟ್ಕೊಳ್ಳೋದು. ಸಂಜೆ ಕೂಲಿ ದುಡ್ಡು ಸೆರಗಿನ ಗಂಟಲ್ಲಿ, ಸೊಪ್ಪು ಮಡಿಲಲ್ಲಿ. ಹೊಲದವನಿಗೆ ಕಳೆ ಹೋಯ್ತು, ಇವರಿಗೆ ರಾತ್ರಿಯ ಸಾರಾಯ್ತು. ಇಬ್ಬರೂ ಇನ್ನೊಬ್ಬರಿಗೆ ಉಪಕಾರ ಮಾಡಿದೆವು ಅಂದುಕೊಳ್ಳೋ ಹಾಗಿರಲಿಲ್ಲ. ಕಾಗದದಲ್ಲಿ ಎಲ್ಲೂ ಬರೆದಿಡದ ಲೆಕ್ಕ ಅದು. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸಿಗೂ ಆ ನೆಲದಲ್ಲಿ ಒಂದು ಪಾಲಿತ್ತು.

ಈಗ ಆಮೇಲೆ ಬರ್ತೀನಿ ಅಂದ ಮಾತಿಗೆ ಬರ್ತೀನಿ.

ಅಜ್ಜಿ ಸೊಪ್ಪಿಗೆ ಹೋಗ್ತಿದ್ದ ಹೊಲಗಳಲ್ಲಿ ಕೆಲವು ಈಗ ಕಾರ್ಖಾನೆ, ಕೆಲವು ಗೋಡೌನು, ಕೆಲವು ಲೇಔಟು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆ ತನಕ ಹೋಗೋ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅದರ ಅಕ್ಕಪಕ್ಕದ ನೆಲದ ಬೆಲೆ ಕೇಳಿದ ಮೇಲೆ ಅಲ್ಲಿ ರಾಗಿ ಬಿತ್ತಿ ಅಂತ ಯಾರಿಗೂ ಹೇಳೋಕಾಗಲ್ಲ. ಇದನ್ನ ದೂರು ಅಂತ ಬರೀತಿಲ್ಲ. ನಮ್ಮ ಮನೆಯ ಸಂಬಳವೂ ಅದೇ ಕೈಗಾರಿಕಾ ಪ್ರದೇಶದಿಂದಲೇ ಬರೋದು.

ಇಷ್ಟಾದ್ರೂ ಬಿಟ್ಟ ನೆಲದಲ್ಲಿ ಸೊಪ್ಪು ಹುಟ್ಟಬೇಕಿತ್ತಲ್ಲ ಅಂತ ನನಗೆ ಅನಿಸ್ತಿತ್ತು. ಎಷ್ಟೋ ಸೈಟುಗಳು ಖಾಲಿ ಬಿದ್ದಿವೆ. ಅಲ್ಲೆಲ್ಲ ಪಾರ್ಥೇನಿಯಂ, ಲಂಟಾನ, ಎತ್ತರದ ಹುಲ್ಲು. ಚಕ್ಕೋತ ಒಂದೂ ಇಲ್ಲ. ಓದಿ, ಕೇಳಿ ತಿಳಿದ ಮೇಲೆ ಗೊತ್ತಾಯ್ತು, ಕಾಡುಸೊಪ್ಪು ಅಂತ ನಾವು ಕರೆದರೂ ಇದು ಕಾಡಿನದ್ದಲ್ಲ. ಮನುಷ್ಯನ ಬೆನ್ನು ಹತ್ತಿ ಬರೋ ಗಿಡ. ಉತ್ತ ನೆಲ ಬೇಕು, ಗೊಬ್ಬರ ಬಿದ್ದಿರಬೇಕು. ಇದರ ಬೀಜ ಸಾಸಿವೆಗಿಂತ ಚಿಕ್ಕದು, ಮೊಳೆಯೋಕೆ ಬೆಳಕು ತಾಗಿದರೆ ಅನುಕೂಲ. ಹೊಲ ಉಳುವಾಗ ಆಳದಲ್ಲಿದ್ದ ಬೀಜ ಮೇಲೆ ಬಂದು, ಬಿಸಿಲು ಕಂಡು, ಚಿಗುರುತ್ತೆ. ಉಳುಮೆ ನಿಂತ ನೆಲದಲ್ಲಿ ಬೀಜ ಇದ್ದರೂ ಒಳಗೇ ಮಲಗಿರುತ್ತೆ. ವ್ಯವಸಾಯ ಮಾಡೋರು ಬಿಟ್ಟು ಹೋದ್ರೆ ಈ ಕಳೆಗೂ ನೆಲೆ ಇಲ್ಲ!

ಇನ್ನೂ ಉಳುತ್ತಿರೋ ಹೊಲಗಳ ಕಥೆ ಬೇರೆ. ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸಲ್ಲ ಅಂತ ರೈತರು ಕಳೆನಾಶಕಕ್ಕೆ ಹೋಗ್ತಾರೆ. ರಾಗಿ ಹುಲ್ಲಿನ ಜಾತಿ. ಅಗಲ ಎಲೆಯ ಕಳೆಗಳನ್ನ ಮಾತ್ರ ಕೊಲ್ಲೋ ಔಷಧಿ ಹೊಡೆದ್ರೆ ರಾಗಿ ಉಳಿಯುತ್ತೆ, ಅಣ್ಣೆ ಸೊಪ್ಪು, ಚಕ್ಕೋತ, ಗಣಿಕೆ ಎಲ್ಲ ಒಣಗ್ತವೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಅಜ್ಜಿಯ ಲೆಕ್ಕದಲ್ಲಿ ಒಂದೇ ಸಿಂಪರಣೆಗೆ ಎರಡು ಹೋಯ್ತು, ಕೂಲಿಯೂ ಹೋಯ್ತು, ಸೊಪ್ಪೂ ಹೋಯ್ತು.

ಸರಿ, ಬೆಳೆಸಿದ ಕಥೆ ಹೇಳ್ತೀನಿ.

ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಚಕ್ಕೋತದ ಕಟ್ಟು ಈಗಲೂ ಸಿಗುತ್ತೆ, ಅದನ್ನ ತೋಟದಲ್ಲಿ ಬೆಳೆದು ತರ್ತಾರೆ. ಅಜ್ಜಿಗೆ ಅದು ಒಪ್ಪಿಗೆಯಿಲ್ಲ. "ನೀರು ಕುಡ್ದು ಊದ್ಕಂಡೈತೆ" ಅಂತಾರೆ. ಅವರಿಗೆ ಹೊಲದ್ದೇ ಆಗಬೇಕು. ಅವರ ತಂಗಿಯ ಊರಲ್ಲಿ ಒಂದು ತಿಪ್ಪೆಯ ಅಂಚಿನಲ್ಲಿ ಆಳೆತ್ತರ ಬೆಳೆದು ಒಣಗಿದ್ದ ಎರಡು ಗಿಡದಿಂದ ಬೀಜ ಉಜ್ಜಿ, ಹಳೇ ಸೀರೆಯ ತುಂಡಲ್ಲಿ ಗಂಟು ಕಟ್ಟಿ ತಂದುಕೊಟ್ರು. ಒಂದು ದೊಡ್ಡ ಗಿಡ ಹತ್ತಾರು ಸಾವಿರ ಬೀಜ ಬಿಡುತ್ತೆ, ಹಾಗಾಗಿ ಗಂಟು ಸಣ್ಣದಾದ್ರೂ ಊರಿಗೆಲ್ಲ ಸಾಕಾಗೋವಷ್ಟಿತ್ತು.

2023ರ ದೀಪಾವಳಿ ಆದ ವಾರ ಹಿತ್ತಲಲ್ಲಿ ಎರಡು ಮಡಿ ಮಾಡಿದೆ. ಒಂದೊಂದು ಮಂಚದಷ್ಟು ಅಗಲ. ನಮ್ಮದು ಕೆಂಪು ಮಣ್ಣು. ಹಳೇ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ ಬೆರೆಸಿದೆ, ಅಷ್ಟೇ. ಸೊಪ್ಪು ಸೊಂಪಾಗಿ ಬರಲಿ ಅಂತ ಯೂರಿಯಾ ಸುರಿಯೋರಿದ್ದಾರೆ, ಈ ಗಿಡಕ್ಕೆ ಅದು ಬೇಡವೇ ಬೇಡ. ಸಾರಜನಕ ಜಾಸ್ತಿ ಸಿಕ್ಕರೆ ಎಲೆಯಲ್ಲಿ ನೈಟ್ರೇಟ್ ಕೂಡಿಟ್ಟುಕೊಳ್ಳೋ ಗುಣ ಇದಕ್ಕಿದೆ. ಬೀಜವನ್ನ ನಾಲ್ಕು ಹಿಡಿ ಮರಳಿನ ಜೊತೆ ಕಲಸಿ ಮೇಲೆ ಎರಚಿದೆ. ಮಣ್ಣು ಮುಚ್ಚಲಿಲ್ಲ, ಅಂಗೈಯಿಂದ ತಟ್ಟಿದೆ. ಬೆಳಗ್ಗೆ ಸಂಜೆ ಕೈಯಲ್ಲೇ ನೀರು ಚಿಮುಕಿಸೋದು.

ಆರನೇ ದಿನ ಮೊಳಕೆ ಕಂಡಿತು. ಎಲ್ಲ ಅಲ್ಲ, ಅಲ್ಲೊಂದು ಇಲ್ಲೊಂದು. ಅಜ್ಜಿ ಬಂದು ನೋಡಿ, "ಇದು ಒಂದೇ ಕಿತ ಹುಟ್ಟಕಿಲ್ಲ ಕಣವ್ವಾ, ಬುದ್ವಂತ್ರು ಮನೆ ಬೀಜ" ಅಂದ್ರು. ನಾನು ನಗ್ತಾ ಕೇಳಿಸ್ಕೊಂಡೆ. ಆಮೇಲೆ ಓದಿದಾಗ ಗೊತ್ತಾಯ್ತು, ಅವರು ಹೇಳಿದ್ದು ಅಕ್ಷರಶಃ ನಿಜ. ಒಂದೇ ಗಿಡದಲ್ಲಿ ಎರಡು ಥರದ ಬೀಜ ಆಗುತ್ತೆ. ಕೆಲವು ಕಂದು ಬಣ್ಣದ್ದು, ತೆಳು ಸಿಪ್ಪೆ, ತೇವ ಸಿಕ್ಕ ಕೂಡಲೇ ಮೊಳೀತವೆ. ಉಳಿದವು ಕಪ್ಪು, ಗಟ್ಟಿ ಸಿಪ್ಪೆ, ವರ್ಷಗಟ್ಟಲೆ ಮಣ್ಣಲ್ಲಿ ಕಾಯ್ತಾ ಕೂರ್ತವೆ. ಈ ಸಲ ಮಳೆ ಕೈಕೊಟ್ಟು ಹುಟ್ಟಿದ್ದೆಲ್ಲ ಸತ್ತರೂ ಮುಂದಿನ ವರ್ಷಕ್ಕೆ ಗಂಟಿದೆ ಅಂತ. ಅಂಗಡಿಯ ಪಾಲಕ್ ಬೀಜ ಹಾಗಲ್ಲ, ಬಿತ್ತಿದ ಹೆಚ್ಚುಕಮ್ಮಿ ಎಲ್ಲವೂ ಒಟ್ಟಿಗೇ ಏಳ್ತವೆ. ಮನುಷ್ಯ ಸಾಕಿದ ಬೀಜಕ್ಕೂ ತಾನೇ ಬದುಕಿದ ಬೀಜಕ್ಕೂ ಇರೋ ವ್ಯತ್ಯಾಸ ನನಗೆ ಅರ್ಥ ಆಗಿದ್ದು ಆ ಎರಡು ಮಡಿಯಲ್ಲಿ.

ಇಪ್ಪತ್ತು ದಿನಕ್ಕೆ ಒತ್ತಾಗಿರೋ ಸಸಿ ತೆಗೆದು ಗೇಣಿಗೊಂದು ಉಳಿಸಿದೆ. ತೆಗೆದ ಸಸಿಗಳೇ ಮೊದಲ ಸಾರು. ಮೂವತ್ತೈದು ನಲವತ್ತು ದಿನಕ್ಕೆ ಗಿಡ ಗೇಣುದ್ದ ಆದಾಗ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುತ್ತೆ. ಹೀಗೆ ಮೂರು ನಾಲ್ಕು ಸಲ ಕೀಳಬಹುದು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ ಡಿಸೆಂಬರ್, ಜನವರಿಯ ಬೆಳಗ್ಗೆಗಳು ಚಳಿಯಾಗಿಯೇ ಇರ್ತವೆ, ಎಲೆ ಮೆತ್ತಗೆ ಉಳಿಯುತ್ತೆ. ಒಂದು ತೊಂದರೆ ಅಂದ್ರೆ ಹಗಲು ಗಿಡ್ಡವಾದಾಗ ಇದು ಬೇಗ ತೆನೆಗೆ ತಿರುಗಿಬಿಡುತ್ತೆ. ಅದಕ್ಕೇ ಎಲ್ಲ ಬೀಜ ಒಂದೇ ದಿನ ಎರಚೋ ಬದಲು ಹದಿನೈದು ದಿನಕ್ಕೊಂದು ಸಲ ಸ್ವಲ್ಪ ಸ್ವಲ್ಪ ಎರಚಿದ್ರೆ ಶಿವರಾತ್ರಿ ಹತ್ತಿರದ ತನಕ ಎಳೆ ಸೊಪ್ಪು ಸಿಗುತ್ತೆ. ಹೇನು ಬಿದ್ದರೆ ಆ ತುದಿ ಮುರಿದು ಎಸೆಯೋದು, ಔಷಧಿ ಹೊಡೆಯಲ್ಲ. ಕೊನೆಗೆ ಎರಡು ಗಿಡ ಬೀಜಕ್ಕೆ ಬಿಡಬೇಕು. ಎರಡೇ! ಎಲ್ಲವನ್ನೂ ಬಿಟ್ಟರೆ ಮುಂದಿನ ವರ್ಷ ಹಿತ್ತಲಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಗುರುತು ಹಿಡಿಯೋ ಬಗ್ಗೆ ಒಂದು ಎಚ್ಚರಿಕೆ. ಇದರ ನೆಂಟ ಗಿಡ ಒಂದಿದೆ, ನೋಡೋಕೆ ಹೆಚ್ಚುಕಮ್ಮಿ ಇದೇ ಥರ. ಎಲೆ ತಿಕ್ಕಿ ಮೂಸಿದರೆ ತಲೆ ಸಿಡಿಯೋ ಹಾಗೆ ಘಾಟು. ಚಕ್ಕೋತಕ್ಕೆ ಅಂಥ ವಾಸನೆ ಇಲ್ಲ. ಗೊತ್ತಿರೋರಿಗೆ ತೋರಿಸದೆ ಯಾವ ಸೊಪ್ಪನ್ನೂ ಒಲೆ ಮೇಲಿಡಬೇಡಿ. ಇನ್ನೊಂದು ಮಾತು, ಹೆದ್ದಾರಿ ಅಂಚಿನದ್ದು, ಚರಂಡಿ ಪಕ್ಕದ್ದು, ಕಾರ್ಖಾನೆ ನೀರು ಹರಿಯೋ ಕಡೆಯದ್ದು ಬೇಡ. ನೆಲದಲ್ಲಿ ಸೀಸ, ಕ್ಯಾಡ್ಮಿಯಂ ಥರದ ಲೋಹ ಇದ್ದರೆ ಸೊಪ್ಪು ಅದನ್ನೂ ಹೀರಿಕೊಳ್ಳುತ್ತೆ. ನೋಡೋಕೆ ಹಸಿರಾಗೇ ಇರುತ್ತೆ.

ಅಡುಗೆ ಸುಲಭ. ತೊಗರಿಬೇಳೆ ಅರ್ಧ ಬೆಂದಾಗ ಸೊಪ್ಪು, ಹಸಿಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ಹಾಕಿ ಬೇಯಿಸಿ, ಮಂತಿನಲ್ಲಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮಸ್ಸೊಪ್ಪು. ಕಾಳಿನ ಜೊತೆ ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿದ್ರೆ ಬಸ್ಸಾರು, ಉಳಿದ ಸೊಪ್ಪು-ಕಾಳಿಗೆ ಕಾಯಿತುರಿ ಹಾಕಿದ್ರೆ ಪಲ್ಯ. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಸುಮಾರು 300 ಮಿಲಿಗ್ರಾಂ, ಪ್ರೋಟೀನು 4 ಗ್ರಾಂ ಇರುತ್ತೆ. ಆದರೆ ಪಾಲಕ್ಕಿನ ಹಾಗೆ ಇದರಲ್ಲೂ ಆಕ್ಸಲೇಟ್ ಇದೆ, ಆ ಕ್ಯಾಲ್ಸಿಯಂ ಎಲ್ಲ ಮೈಗೆ ಹತ್ತಲ್ಲ. ಮೂತ್ರಪಿಂಡದಲ್ಲಿ ಕಲ್ಲಾಗಿರೋರು ಡಾಕ್ಟರನ್ನ ಕೇಳಿ ತಿನ್ನೋದು ಒಳ್ಳೇದು.

ಇದಕ್ಕೊಬ್ಬ ಶ್ರೀಮಂತ ದಾಯಾದಿ ಇದ್ದಾನೆ. ಸೂಪರ್ ಮಾರ್ಕೆಟ್ಟಿನಲ್ಲಿ ಚೆಂದದ ಪೊಟ್ಟಣದಲ್ಲಿ ಕಾಣೋ ಕಿನೋವಾ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಧಾನ್ಯ, ಚಕ್ಕೋತದ್ದೇ ಕುಲ. ವಿಶ್ವಸಂಸ್ಥೆ 2013ನ್ನ ಅಂತಾರಾಷ್ಟ್ರೀಯ ಕಿನೋವಾ ವರ್ಷ ಅಂತ ಆಚರಿಸಿತು. ಒಬ್ಬನಿಗೆ ಇಡೀ ವರ್ಷದ ಮರ್ಯಾದೆ, ಇನ್ನೊಬ್ಬನಿಗೆ ಕಳೆನಾಶಕ. ಒಂದೇ ಕುಲದಲ್ಲಿ ಹುಟ್ಟಿದ್ರೂ ಹಣೆಬರಹ ಬೇರೆ ಬೇರೆ ನೋಡಿ.

ಇಷ್ಟೇ ಆಗಿದ್ದರೆ ಇದು ಕೈತೋಟದ ಬರಹ ಆಗಿ ಮುಗೀತಿತ್ತು. ನನ್ನನ್ನ ಯೋಚನೆಗೆ ಹಚ್ಚಿದ್ದು ಎರಡನೇ ಚಳಿಗಾಲದಲ್ಲಿ ನಡೆದ ಒಂದು ಸಣ್ಣ ಸಂಗತಿ.

ನಮ್ಮ ಹಿಂದಿನ ಬೀದಿಯಲ್ಲಿ ಸಾಲಾಗಿ ಸಿಂಗಲ್ ರೂಮುಗಳನ್ನ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಕಾರ್ಖಾನೆಗಳಿಗೆ ದುಡಿಯೋಕೆ ಬಂದ ಉತ್ತರದ ಕಡೆಯವರು ಜಾಸ್ತಿ. ಒಂದು ದಿನ ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬಳು ಹುಡುಗಿ ಸೊಂಟದಲ್ಲಿ ಮಗು ಇಟ್ಕೊಂಡು ನಿಂತಿದ್ಲು. ಪಕ್ಕದ ಸಂದಿಯಿಂದ ಹಿತ್ತಲು ಕಾಣುತ್ತೆ. ಅವಳ ಕಣ್ಣು ಮಡಿಯ ಮೇಲೆ. "ದೀದಿ, ಯೇ ತೋ ಬಥುವಾ ಹೈ!" ಅಂದ್ಲು. ಅವಳ ಮುಖದಲ್ಲಿದ್ದ ಸಂತೋಷ ಸೊಪ್ಪು ನೋಡಿದ್ದಲ್ಲ, ತವರಿನವರನ್ನ ನೋಡಿದ್ದು. ಗೋರಖಪುರದ ಕಡೆಯವಳಂತೆ. ಅವರೂರಲ್ಲಿ ಚಳಿಗಾಲದಲ್ಲಿ ಗೋಧಿ ಹೊಲದ ತುಂಬ ಇದೇ. ಹುಡುಗಿಯರೆಲ್ಲ ಬುಟ್ಟಿ ಹಿಡಿದು ಹೋಗೋದು. ಪರಾಠ, ಮೊಸರಿಗೆ ಹಾಕಿ ರಾಯ್ತಾ, ಬೇಳೆ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ. ನಾನು ಅಜ್ಜಿಗೆ ಅನುವಾದ ಮಾಡಿ ಹೇಳಿದೆ. ಜಗಲಿ ಮೇಲೆ ಕೂತಿದ್ದ ಅಜ್ಜಿ, "ಅಂಗಂದ್ರೆ ಮಸ್ಸೊಪ್ಪೇ ಅಲ್ವಾ! ಅವ್ರಿಗೂ ಗೊತ್ತಾ?" ಅಂತ ಬಾಯಿ ಮೇಲೆ ಕೈಯಿಟ್ಕೊಂಡ್ರು.

ಆಮೇಲೆ ಆ ಹುಡುಗಿ ಸ್ವಲ್ಪ ಹಿಂಜರಿದು ಕೇಳಿದ್ಲು, ಒಂದು ಹಿಡಿ ಕೊಡ್ತೀರಾ, ಎಷ್ಟು ದುಡ್ಡು?

ನಾನು ದುಡ್ಡು ಬೇಡ ಅಂತ ಗೇಟು ತೆಗೆದೆ. ಅವಳು ಬಗ್ಗಿ ಚಿವುಟಿದ ರೀತಿ ನೋಡಬೇಕಿತ್ತು. ಅಜ್ಜಿ ಚಿವುಟೋ ಹಾಗೇ, ಎರಡು ಬೆರಳಲ್ಲಿ, ಬೇರು ಅಲುಗದ ಹಾಗೆ, ಮಡಿಯ ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ. ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಹೋದ ಮೇಲೆ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂದ್ರು, "ಸೊಪ್ಪಿಗೆ ದುಡ್ಡು ಎಷ್ಟು ಅಂತ ಕೇಳ್ತು ಕಣವ್ವಾ ಆ ಮಗ. ಅವಳೂರ್ನಾಗೆ ಕೇಳ್ತಿತ್ತಾ?"

ಇಲ್ಲ, ಅವಳೂರಲ್ಲಿ ಕೇಳ್ತಿರಲಿಲ್ಲ. ಇಲ್ಲೂ ನಾನು ಕೇಳು ಅಂದಿರಲಿಲ್ಲ. ಗೇಟು ಅಂದಿತ್ತು.

ಅವತ್ತಿನಿಂದ ಈ ಮಾತು ತಲೆಯಲ್ಲಿ ಕೊರೀತಿದೆ. ಅಳಿದುಹೋಗೋ ಸೊಪ್ಪನ್ನ ಹಿತ್ತಲಿಗೆ ತಂದು ಉಳಿಸ್ತೀವಿ ಅಂತೀವಿ. ಗಿಡ ಉಳಿಯುತ್ತೆ, ನಿಜ. ಬೀಜ ಉಳಿಯುತ್ತೆ, ರುಚಿ ಉಳಿಯುತ್ತೆ, ಹೆಸರೂ ಉಳಿಯಬಹುದು. ಆದರೆ ಹೊಲದಲ್ಲಿದ್ದಾಗ ಅದು ಕಿತ್ತುಕೊಂಡವರದ್ದಾಗಿತ್ತು. ನನ್ನ ಕಾಂಪೌಂಡಿನೊಳಗೆ ಬಂದ ಮೇಲೆ ಅದು ನನ್ನದಾಗಿದೆ. ಈಗ ನಾನು ಕೊಟ್ಟರೆ ದಾನ, ಬೇರೆಯವರು ತಗೊಂಡರೆ ಕಳ್ಳತನ, ಇಲ್ಲಾಂದ್ರೆ ವ್ಯಾಪಾರ. ಅಜ್ಜಿಯ ಮಡಿಲಿನ ಸೊಪ್ಪು ಈ ಮೂರೂ ಆಗಿರಲಿಲ್ಲ. ಅದಕ್ಕೆ ನಮ್ಮ ಲೇಔಟಿನಲ್ಲಿ ಹೆಸರೇ ಇಲ್ಲ. ನಲವತ್ತು ಅಡಿ ಉದ್ದದ ಹಿತ್ತಲಿರೋರು ನಾವು ಬೀಜ ಎರಚಬಹುದು. ಸಿಂಗಲ್ ರೂಮಿನಲ್ಲಿರೋಳು ಎಲ್ಲಿ ಎರಚಬೇಕು? ಅವಳಿಗೇ ಅಲ್ವಾ ಆ ಸೊಪ್ಪು ಹೆಚ್ಚು ಬೇಕಾಗಿದ್ದು?

ಇದಕ್ಕೆ ನನ್ನ ಹತ್ತಿರ ದೊಡ್ಡ ಪರಿಹಾರ ಇಲ್ಲ. ಸಣ್ಣದೊಂದು ಅಜ್ಜಿಯೇ ಹುಡುಕಿದ್ರು. ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ, ಮಾಲೀಕರು ಬೆಂಗಳೂರಲ್ಲಿರ್ತಾರೆ. ಪಾರ್ಥೇನಿಯಂ ಬೆಳೆದು ಹಾವು ಬರುತ್ತೆ ಅಂತ ಕಳೆದ ವರ್ಷ ನಾವೇ ಫೋನ್ ಮಾಡಿ ಕೇಳಿ, ಅವರ ಒಪ್ಪಿಗೆ ಪಡೆದು ಸ್ವಚ್ಛ ಮಾಡಿಸಿದ್ವಿ. ಟ್ರ್ಯಾಕ್ಟರ್ ತಂದು ಒಂದು ಸಾಲು ಉಳಿಸಿದ್ವಿ. ನೆಲ ಅಗೆದಾಗಿದೆ ಅನ್ನೋದು ಕಂಡದ್ದೇ ತಡ, ಅಜ್ಜಿ ತಮ್ಮ ಗಂಟು ತಂದು, ಮಂಡಿ ನೋವು ಲೆಕ್ಕಿಸದೆ ಸೈಟಿನ ತುಂಬ ಎರಚಿಬಂದ್ರು. ಯಾರನ್ನೂ ಕೇಳಲಿಲ್ಲ. ಆ ಹುಡುಗಿಯೂ ತನ್ನೂರಿಂದ ಬಂದವರ ಕೈಲಿ ಒಂದು ಪೊಟ್ಟಣ ಬಥುವಾ ಬೀಜ ತರಿಸಿದ್ಲು, ಅದನ್ನೂ ಅಲ್ಲೇ ಹಾಕಿದ್ಲು.

ಬೇಲಿಯಿಲ್ಲದ ಸೈಟು. ಈ ಚಳಿಗಾಲದಲ್ಲಿ ಅಲ್ಲಿ ಮೊಣಕಾಲೆತ್ತರ ಚಕ್ಕೋತ ಬಂತು. ಯಾರು ಯಾರೋ ಬಂದು ಕೀಳ್ತಾರೆ. ರೂಮುಗಳ ಕಡೆಯ ಹೆಂಗಸರು ಬೆಳಗ್ಗೆ ಬರ್ತಾರೆ, ನಮ್ಮ ಬೀದಿಯವರು ಸಂಜೆ. ಒಬ್ಬರ ಮಾತು ಇನ್ನೊಬ್ಬರಿಗೆ ಬರಲ್ಲ. ಬುಡ ಸಮೇತ ಎಳೆಯೋಕೆ ಹೋದ ಒಬ್ಬ ಹುಡುಗನಿಗೆ ಅಜ್ಜಿ ಜಗಲಿಯಿಂದಲೇ ಗದರಿದ್ದು ಮಾತ್ರ ಎಲ್ಲರಿಗೂ ಅರ್ಥ ಆಯ್ತು.

ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಸೈಟಿನವರು ಮುಂದಿನ ವರ್ಷ ಮನೆ ಕಟ್ಟಿಸೋ ಮಾತಾಡ್ತಿದ್ದಾರೆ, ಮೂಲೆಗೆ ಒಂದು ಲೋಡ್ ಸೈಜುಗಲ್ಲು ಬಂದು ಬಿದ್ದಿದೆ. ಅವರ ಜಾಗ, ಕಟ್ಟಿಸಲಿ. ಪಾಯ ತೋಡುವಾಗ ಮೇಲಿನ ಮಣ್ಣನ್ನ ಎಲ್ಲಿಗೋ ಸಾಗಿಸ್ತಾರಲ್ಲ, ಅದರ ಜೊತೆ ಕಪ್ಪು ಬೀಜಗಳೂ ಹೋಗ್ತವೆ ಅಂತ ನಾನಂದೆ. ಅಜ್ಜಿ, "ಹೋಗ್ಲಿ ಬುಡು, ಎಲ್ಲಾರ ಒಂದ್ಕಡೆ ಹುಟ್ಕತವೆ" ಅಂದ್ರು.

ಈಗ ಬೀಜ ಬಲಿಯೋ ಸಮಯ. ನಾನು ಕಾಗದದ ಪೊಟ್ಟಣ ಮಾಡಿ ಎತ್ತಿಡ್ತಿದ್ದೀನಿ, ಕೇಳಿದೋರಿಗೆಲ್ಲ ಕೊಡ್ತೀನಿ. ತಗೊಂಡು ಹೋಗೋರಿಗೆ ಒಂದೇ ಮಾತು ಹೇಳೋದು. ಹಿತ್ತಲಿಗೆ ಅರ್ಧ ಹಾಕಿ, ಇನ್ನರ್ಧ ಗೇಟಿನ ಆಚೆ ಎಲ್ಲಾದ್ರೂ ಒಳ್ಳೇ ಮಣ್ಣು ಕಂಡ ಕಡೆ ಎರಚಿ.

ಅಂದ ಹಾಗೆ, ನಿಮ್ಮ ಕಡೆ ಈ ಸೊಪ್ಪಿಗೆ ಏನಂತಾರೆ? ನಿಮ್ಮೂರಲ್ಲಿ ಇನ್ನೂ ಯಾರನ್ನೂ ಕೇಳದೆ ಸೊಪ್ಪು ಕಿತ್ತು ತರೋ ಹೊಲ ಇದೆಯಾ? ಇದ್ದರೆ ಖಂಡಿತ ತಿಳಿಸಿ. ಅಜ್ಜಿಗೆ ಓದಿ ಹೇಳ್ಬೇಕು.